ಗುರುಸಿದ್ಧವ್ವನ ಮೊಣಕಾಲಿನ ತಂತಿ

ಗುರುಸಿದ್ಧವ್ವ ಹೋದ ಸಂಗತಿ ನನಗೆ ತಿಳಿದದ್ದು ಬೆಳಗಿನ ಚಹಾದ ಹೊತ್ತಿಗೆ. ಅವಳ ತಂಗಿ ಚಂಬವ್ವ ಚಹಾದ ಕಪ್ಪು-ಬಸಿ ಹಿಡಿದುಕೊಂಡು ಒಳಗಿನ ಕೋಣೆಗೆ ಹೋದಳು.

"ಏಳ ಅಕ್ಕಾ. ಇವತ್ತೇನು ರಾಣಿ ಆಗೀಯೇನು, ಹಾಸಿಗಿಗೆ ಚಹಾ ಬೇಕಾತು?"

ಉತ್ತರ ಬರಲಿಲ್ಲ. ಬಸಿಯನ್ನು ನೆಲಕ್ಕಿಟ್ಟ ಸಪ್ಪಳವಾಯಿತು. ಅಳುವ ದನಿ ಬರುತ್ತದೆಂದು ಕಾದೆ. ಬಂದದ್ದು ಬೇರೆ ಮಾತು.

"ಯವ್ವಾ, ಕಾಲು ಚಾಚಿಕೊಂಡ ಹೋದೆಲ್ಲ!"

ಓದುವವರಿಗೆ ಈ ಮಾತು ವಿಚಿತ್ರವಾಗಿ ಕಾಣಬಹುದು. ಈ ಅಕ್ಕತಂಗಿಯರ ಜನರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕಾಲು ಮಡಚಿ ಪದ್ಮಾಸನದಲ್ಲಿ ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ಪೂಜೆಗೆ ಕುಳಿತವರಂತೆಯೇ ಮಣ್ಣಿಗೆ ಒಪ್ಪಿಸುತ್ತಾರೆ. ಗುರುಸಿದ್ಧವ್ವನ ಎಡ ಮೊಣಕಾಲು ಪೂರ್ತಿ ಮಡಚುತ್ತಿರಲಿಲ್ಲ. ಬದುಕಿನ ಕೊನೆಯ ವರ್ಷಗಳಲ್ಲಿ ಅವಳನ್ನು ತಿಂದದ್ದು ಇದೊಂದೇ ಚಿಂತೆ. ಆ ಚಿಂತೆಯ ನಡುವೆಯೇ ನನ್ನ ಬಾಳೂ ಕಳೆಯಿತು. ಆದುದರಿಂದ ನನ್ನ ಕಥೆ ಹೇಳಹೊರಟರೆ ಅವಳ ಕಥೆಯೇ ಆಗುತ್ತದೆ.

ನಾನು ಒಂದು ಉಕ್ಕಿನ ತಂತಿ. ಹುಟ್ಟಿದ್ದು ಬೆಂಕಿಯಲ್ಲಿ. ಮೊದಲು ಬೆರಳು ದಪ್ಪದ ಸಲಾಕೆಯಾಗಿದ್ದೆ. ಕಾರಖಾನೆಯವರು ನನ್ನನ್ನು ಒಂದಕ್ಕಿಂತ ಒಂದು ಸಣ್ಣದಾದ ರಂಧ್ರಗಳ ಮೂಲಕ ಎಳೆದರು. ಪ್ರತಿಯೊಂದು ರಂಧ್ರದ ಬಾಯಲ್ಲೂ, ಇದರಲ್ಲಿ ಹಾಯುವುದು ನನ್ನಿಂದಾಗದು ಎಂದು ಅಂಜಿದೆ. ಪ್ರತಿಸಲವೂ ಹಾಯ್ದೆ, ತೆಳ್ಳಗಾದೆ, ಉದ್ದವಾದೆ. ಬೇರೆ ತಂತಿಗಳು ಬೇಲಿಗೆ ಹೋದವು, ಕೋಳಿಗೂಡಿಗೆ ಹೋದವು. ನನ್ನದು ತುಕ್ಕು ಹಿಡಿಯದ ಜಾತಿ. ಮನುಷ್ಯರ ಮೈಯೊಳಗೆ ಇರಬೇಕಾದದ್ದು. ನನ್ನನ್ನು ಸುರುಳಿ ಸುತ್ತಿ, ಉಗಿಯಲ್ಲಿ ಬೇಯಿಸಿ, ಗದಗಿನ ಒಂದು ಎಲುಬಿನ ಆಸ್ಪತ್ರೆಯ ಕಪಾಟಿನಲ್ಲಿ ಇಟ್ಟರು. ಯಾರ ಎಲುಬಿಗೆ ನನ್ನ ಋಣವಿದೆಯೋ ಎಂದು ಅಲ್ಲಿ ಕಾಯುತ್ತಿದ್ದೆ.

ಗುರುಸಿದ್ಧವ್ವ ಬಸ್‌ ನಿಲ್ದಾಣದ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಮಕ್ಕಳಿಲ್ಲ. ಗಂಡ ಬಸಲಿಂಗಪ್ಪ ತೀರಿಕೊಂಡ ಮೇಲೆ, ಮೊದಲೇ ವಿಧವೆಯಾಗಿದ್ದ ತಂಗಿ ಚಂಬವ್ವ ಬಂದು ಜೊತೆಗಿದ್ದಳು. ಅಕ್ಕ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುವಳು, ತಂಗಿ ಬಡಿಸುವಳು. ಒಂದು ಮಧ್ಯಾಹ್ನ ಯಾರೋ ಮಜ್ಜಿಗೆ ಚೆಲ್ಲಿದ್ದರು. ರೊಟ್ಟಿಯ ಬುಟ್ಟಿ ಹಿಡಿದು ಬಂದ ಅಕ್ಕ ಅದರ ಮೇಲೆ ಕಾಲಿಟ್ಟು ಜಾರಿ, ಹೊಸ್ತಿಲ ಕಲ್ಲಿನ ಮೇಲೆ ಎಡ ಮೊಣಕಾಲೂರಿ ಬಿದ್ದಳು. ಬುಟ್ಟಿಯನ್ನು ಮಾತ್ರ ಕೈಬಿಡಲಿಲ್ಲ.

"ಏಳ ಅಕ್ಕಾ, ಮಂದಿ ನೋಡಾಕತ್ತಾರ," ಎಂದಳು ಚಂಬವ್ವ.

"ಕಾಲು ನನ್ನ ಮಾತು ಕೇಳವಲ್ದು ಚಂಬೀ."

ಮೊಣಕಾಲ ಚಿಪ್ಪು ಅಡ್ಡಡ್ಡ ಸೀಳಿ ಎರಡು ಹೋಳಾಗಿತ್ತು. ಮೇಲಿನ ಹೋಳನ್ನು ತೊಡೆಯ ಸ್ನಾಯು ಮೇಲಕ್ಕೆ ಎಳೆದುಕೊಂಡು ಹೋಗಿತ್ತು. ಇಂಥ ಕಾಲನ್ನು ಎತ್ತಲಿಕ್ಕೆ ಆಗುವುದಿಲ್ಲ. ಆಸ್ಪತ್ರೆಯ, ಕುಬಸದ ಎಂಬ ಅಡ್ಡಹೆಸರಿನ ಡಾಕ್ಟರು ಚಿತ್ರ ತೆಗೆಸಿ ನೋಡಿ, ತಂತಿ ಕಟ್ಟಿ ಕೂಡಿಸಬೇಕು ಎಂದರು. ಆಗ ನಡೆದ ಮಾತನ್ನು ಚಂಬವ್ವ ಆಮೇಲೆ ಎಷ್ಟೋ ಸಲ ಗಿರಾಕಿಗಳ ಮುಂದೆ ಆಡಿ ತೋರಿಸಿದ್ದಾಳೆ. ಹಾಗಾಗಿ ನನಗೂ ಬಾಯಿಪಾಠವಾಗಿದೆ.

"ಡಾಕ್ಟರ್ರ, ಮೊಣಕಾಲು ಮಡಚತೈತೋ ಇಲ್ಲೋ, ಅದೊಂದು ಹೇಳ್ರಿ."

"ನಡೀತೀರವ್ವಾ. ಮೆಟ್ಲಾ ಹತ್ತತೀರಿ. ಖಾನಾವಳಿ ನಡಸ್ತೀರಿ."

"ನಡ್ಯೂದು ಯಾರು ಕೇಳ್ಯಾರ್ರಿ? ಪದ್ಮಾಸನ ಹಾಕಾಕ ಬರತೈತೇನ್ರಿ?"

"ಈ ವಯಸ್ಸಿನ್ಯಾಗ ಯೋಗಾ ಕಲೀತೀರೇನು?"

"ಈಗಲ್ರಿ. ಸತ್ತ ಮ್ಯಾಲ."

ಡಾಕ್ಟರು ನಕ್ಕರು. ಆಕೆ ನಗಲಿಲ್ಲ. ತಮ್ಮ ಮನೆಯ ಹಿರಿಯರನ್ನೂ ಹಾಗೆಯೇ ಕೂರಿಸಿ ಮಣ್ಣು ಮಾಡಿದ್ದರಿಂದ ಡಾಕ್ಟರ ನಗು ಅಲ್ಲೇ ನಿಂತಿತು.

"ಅವ್ವಾ, ಸುಳ್ಳು ಹೇಳಂಗಿಲ್ಲ ನಾನು. ಅದ ಚಿಪ್ಪು, ಅದ ತಂತಿ, ಅದ ಕೈಕೆಲಸ. ಆದ್ರೂ ಒಬ್ಬರದು ಪೂರಾ ಮಡಚತೈತಿ, ಒಬ್ಬರದು ಅರ್ಧಕ್ಕ ನಿಲ್ಲತೈತಿ. ಎಲುಬು ನಾ ಕೂಡಸ್ತೀನಿ. ಮುಂದಿಂದು ನೋಡೋಣು."

ಆ ನೋಡೋಣು ಎಂಬ ಮಾತು ಗುರುಸಿದ್ಧವ್ವನ ಎದೆಯಲ್ಲಿ ಮುಳ್ಳಾಗಿ ಕುಳಿತಿತು.

ಮರುದಿನ ಕಪಾಟಿನ ಬಾಗಿಲು ತೆರೆಯಿತು. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರಿಂದ ಆಕೆ ಎಚ್ಚರವಾಗಿದ್ದು, ಶಿವ ಶಿವ ಎನ್ನುತ್ತಿದ್ದಳು. ಎರಡು ಹೋಳುಗಳನ್ನು ಒಂದರ ಬಾಯಿಗೊಂದು ಕೂಡಿಸಿ, ಮೇಲಿನಿಂದ ಕೆಳಕ್ಕೆ ಎರಡು ಸಣ್ಣ ಸಲಾಕೆಗಳನ್ನು ಹಾಯಿಸಿದರು. ಆ ಸಲಾಕೆಗಳ ತುದಿಗಳನ್ನು ಬಳಸಿ, ಚಿಪ್ಪಿನ ಮುಂದುಗಡೆ ಎಂಟರ ಅಂಕಿಯಂತೆ ನನ್ನನ್ನು ಸುತ್ತಿ, ಇಕ್ಕಳದಿಂದ ತಿರುವಿ ಬಿಗಿದರು. ಆಮೇಲೆ ಡಾಕ್ಟರು ಆ ಕಾಲನ್ನು ಮೆಲ್ಲಗೆ ಮಡಚಿ ನೋಡಿದರು. ಎಲುಬು ಮತ್ತೆ ಬಾಯಿ ಬಿಡುತ್ತದೆಂದು ನನ್ನ ಜೀವ ಹಾರಿತು. ಬಿಡಲಿಲ್ಲ. ಮಂಡಿ ಮಡಚಿದಷ್ಟೂ ನಾನು ಬಿಗಿಯಾದೆ, ನಾನು ಬಿಗಿದಷ್ಟೂ ಹೋಳುಗಳು ಒಂದನ್ನೊಂದು ಒತ್ತಿಕೊಂಡವು. ನನ್ನನ್ನು ಎದುರುಗಡೆ ಕಟ್ಟಿದ ಗುಟ್ಟು ಅದು. ಆದರೆ ಎಳೆತ ತಡೆಯುವುದಕ್ಕೆ ನನಗೂ ಒಂದು ಮಿತಿಯಿತ್ತು. ಆ ಮಿತಿ ಎಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ. ಅಂದಿನಿಂದ ನನಗೆ ನೆಮ್ಮದಿಯಿಲ್ಲ. ನಾನು ಹಿಡಿದುಕೊಂಡೇ ಇದ್ದರೆ ಅವಳಿಗೆ ಬೇಕಾದಷ್ಟು ಮಡಚಲಿಕ್ಕಾಗದೇನೋ. ನಾನು ಬಿಟ್ಟರೆ ಎಲುಬು ಬಿರಿಯುತ್ತದೆ.

ಮನೆಗೆ ಬಂದ ಮೇಲೆ ನಸರೀನ್ ಎಂಬ ಹುಡುಗಿ ವ್ಯಾಯಾಮ ಮಾಡಿಸಲಿಕ್ಕೆ ಬರುತ್ತಿದ್ದಳು. ಹಾಸಿಗೆಯ ಮೇಲೆ ಹಿಮ್ಮಡಿಯನ್ನು ಹಿಂದಕ್ಕೆ ಜಾರಿಸಬೇಕು, ನೋವು ಬಂದಲ್ಲಿ ನಿಲ್ಲಿಸಿ ಉಸಿರು ಬಿಡಬೇಕು, ಮತ್ತೆ ಚಾಚಬೇಕು. ಚಂಬವ್ವನಿಗೂ ಕಲಿಸಿದಳು.

"ಹಿಮ್ಮಡಿ ಕೆಳಗ ಅಂಗೈ ಇಡ್ರಿ ಚಂಬವ್ವಾರ. ದಾರಿ ತೋರಸ್ರಿ, ಒತ್ತಬ್ಯಾಡ್ರಿ."

"ನಮ್ಮಕ್ಕಗ ಯಾರೂ ದಾರಿ ತೋರಸೂದು ಬ್ಯಾಡವ್ವಾ. ಆಕಿನ ಎಲ್ಲಾರಿಗೂ ತೋರಸ್ತಾಳ," ಎನ್ನುತ್ತ ಚಂಬವ್ವ ಅಂಗೈ ಇಟ್ಟಳು.

ದಿನದಿನಕ್ಕೆ ಕೂದಲೆಳೆಯಷ್ಟು ಮುಂದೆ ಹೋಗುತ್ತಿತ್ತು. ಗುರುಸಿದ್ಧವ್ವನಿಗೆ ಅದು ಸಾಲದು. ಅವಳ ಅವಸರಕ್ಕೆ ಒಂದು ಕಾರಣವಿತ್ತು. ಗಂಡ ಬಸಲಿಂಗಪ್ಪ ಸೊಲ್ಲಾಪುರದಲ್ಲಿ ಒಂದು ಮದುವೆಗೆ ಹೋದಾಗ ಅಲ್ಲೇ ತೀರಿಕೊಂಡಿದ್ದ. ಹೆಣ ಊರಿಗೆ ಬರುವಷ್ಟರಲ್ಲಿ ಸೆಟೆದು ಕಟ್ಟಿಗೆಯಾಗಿತ್ತು. ಗಂಡಸರು ತೊಡೆಯ ಮೇಲೆ ಮೊಣಕೈಯೂರಿ ಒತ್ತಿ ಕಾಲು ಮಡಚಿದರು. ಅವಳು ಗೋಡೆಯ ಈಚೆ ಕುಳಿತಿದ್ದಳು. ಆಗ ಕೇಳಿದ ಸಪ್ಪಳವನ್ನು ಅವಳು ಎಂದೂ ಮರೆಯಲಿಲ್ಲ. ಕೂರಬೇಕು, ಆದರೆ ಹಾಗೆ ಮುರಿಸಿಕೊಂಡು ಕೂರಬಾರದು. ಇಷ್ಟೇ ಅವಳು ಶಿವನಲ್ಲಿ ಬೇಡುತ್ತಿದ್ದದ್ದು.

ಆಸ್ಪತ್ರೆಗೆ ತೋರಿಸಲಿಕ್ಕೆ ಹೋದಾಗ ಹೊರಗಿನ ಬೆಂಚಿನ ಮೇಲೆ ಮೊಣಕಾಲಿನವರೇ ಒಂದು ಸಂತೆ ಸೇರಿರುತ್ತಿದ್ದರು. ಒಬ್ಬ ಮುದುಕನಿಗೆ ಸಲಾಕೆಯ ತುದಿ ಚರ್ಮಕ್ಕೆ ಚುಚ್ಚಿ ಗಂಟಾಗಿತ್ತು. ಒಬ್ಬ ಹೆಂಗಸಿಗೆ ಗಾಯ ಕೀವಾಗಿ ಮತ್ತೆ ತೊಳೆದಿದ್ದರು. ಇನ್ನೊಬ್ಬಳಿಗೆ ಎಲ್ಲವೂ ಸರಿ, ಮೆಟ್ಟಿಲಿಳಿಯುವಾಗ ಮಾತ್ರ ನೋವು. ಒಂದೇ ಬಗೆಯ ತಂತಿ ಕಟ್ಟಿಸಿಕೊಂಡವರು ಒಬ್ಬೊಬ್ಬರು ಒಂದೊಂದು ಥರ ಇರುವುದನ್ನು ಕೇಳಿ, ಚರ್ಮದ ಒಳಗೆ ನಾನು ನನ್ನ ಹಿಡಿತವನ್ನು ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದೆ. ಅವರ ನಡುವೆ ಬಸ್‌ ಕಂಡಕ್ಟರ್ ಫಕ್ಕೀರಪ್ಪ ಬೆಂಚಿನ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕುಳಿತು ತೋರಿಸಿದ.

"ನಂದೂ ಹಿಂಗ ಒಡದಿತ್ತು ನೋಡ್ರಿ ಯವ್ವಾ. ಮಡಚವಲ್ದಾಗಿತ್ತು. ಒಂದಿನ ಸಿಟ್ಟಿಗೆದ್ದು ತಮ್ಮಗ ಹೇಳಿದೆ, ಒತ್ತಲೇ ಅಂತ. ಕಟ್ ಅಂತು. ಒಳಗ ಬಿಗದಿದ್ದ ಜಡ್ಡು ಬಿಟ್ಟಿತು. ಅವತ್ತಿನಿಂದ ಕುದರಿ ಆಗೇನಿ."

"ಕೇಳಿದೇನ ಚಂಬೀ?" ಎಂದಳು ಗುರುಸಿದ್ಧವ್ವ.

"ಕೇಳಿದೆ. ಅಂವಾ ಕುದರಿ. ನೀ ಮುದಿ ಎತ್ತು," ಎಂದಳು ತಂಗಿ.

ಆದರೆ ಮಾತು ನಾಟಿತ್ತು. ಕಂಡಕ್ಟರ್ ಒತ್ತಿಸಿಕೊಂಡದ್ದು ಎಲುಬು ಪೂರ್ತಿ ಕೂಡಿದ ಎಷ್ಟೋ ತಿಂಗಳ ಮೇಲೆ ಎಂಬುದನ್ನು ಆತ ಹೇಳಲಿಲ್ಲ, ಇವರು ಕೇಳಲಿಲ್ಲ. ಶ್ರಾವಣ ಸೋಮವಾರ ಬಂತು. ಶ್ರಾವಣದಲ್ಲಿ ಕುರ್ಚಿಯ ಮೇಲೆ ಕುಳಿತು ಲಿಂಗಪೂಜೆ ಮಾಡುವುದು ಅವಳಿಗೆ ಒಪ್ಪಿಗೆಯಾಗಲಿಲ್ಲ. ಮಡಿಯಾಗಿ, ವಿಭೂತಿ ಧರಿಸಿ, ಮಣೆಯ ಮೇಲೆ ಕುಳಿತಳು. ಬಲಗಾಲು ಮಡಚಿತು. ಎಡಗಾಲು ನಿಂತಲ್ಲೇ ನಿಂತಿತು.

"ಒತ್ತ ಚಂಬೀ."

"ನಸರೀನ್ ಬ್ಯಾಡ ಅಂದಾಳ."

"ಶಿವನ ಮುಂದ ಕುಂತೇನಿ. ಅಂವಾ ನೋಡ್ಕೋತಾನ. ಒತ್ತು!"

ಚಂಬವ್ವ ಕಣ್ಣು ಮುಚ್ಚಿ ಒತ್ತಿದಳು. ನಾನು ಬಿಗಿದೆ, ಇನ್ನೂ ಬಿಗಿದೆ. ಕಾರಖಾನೆಯ ರಂಧ್ರಗಳಲ್ಲಿಯೂ ನನ್ನನ್ನು ಅಷ್ಟು ಎಳೆದಿರಲಿಲ್ಲ. ಕೊನೆಗೆ ಟಕ್ಕೆಂದು ತುಂಡಾದೆ.

ಆ ಸಪ್ಪಳ ಕೇಳಿ ಅಕ್ಕತಂಗಿಯರು ಒಂದು ಗಳಿಗೆ ಹಿಗ್ಗಿದರು. ಜಡ್ಡು ಬಿಟ್ಟಿತೆಂದೇ ತಿಳಿದರು. ಗುರುಸಿದ್ಧವ್ವ ಕಣ್ಣಲ್ಲಿ ನೀರು ತುಂಬಿಕೊಂಡು, ನೋವಿನಲ್ಲಿಯೇ ಪೂಜೆ ಮುಗಿಸಿದಳು. ಸಂಜೆಯ ಹೊತ್ತಿಗೆ ಮೊಣಕಾಲು ಕುಂಬಳಕಾಯಿಯಾಯಿತು.

ಕುಬಸದ ಡಾಕ್ಟರು ಹೊಸ ಚಿತ್ರವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಬೈಯ್ರಿ ಡಾಕ್ಟರ್ರ, ಹಿಂಗ ಸುಮ್ಮ ಕುಂದ್ರಬ್ಯಾಡ್ರಿ," ಎಂದಳು ಚಂಬವ್ವ. "ಒತ್ತಿದಾಕಿ ನಾನ."

"ಬೈದ್ರ ತಂತಿ ಕೂಡತೈತೇನವ್ವಾ? ಪುಣ್ಯಾಕ ಎಲುಬು ಅರ್ಧ ಕೂಡಿತ್ತು, ಸ್ವಲ್ಪ ಬಿರದೈತಿ. ಮತ್ತ ಕೊಯ್ಯೂದು ಬ್ಯಾಡ. ಪಟ್ಟಿ ಹಾಕಿ ಕಾಲು ನೆಟ್ಟಗ ಇಡ್ತೀನಿ. ಆದ್ರ ಅಷ್ಟು ದಿನ ನೆಟ್ಟಗ ಇಟ್ಟ ಕಾಲು ಮುಂದ ಎಷ್ಟು ಮಡಚತೈತಿ ಅಂತ ಕೇಳಬ್ಯಾಡ್ರಿ."

ಎಲುಬು ಕೂಡಿತು. ಕೂಡುವತನಕ, ತುಂಡಾದ ನಾನೂ ಆ ಸಲಾಕೆಗಳೂ ಅಲ್ಲೇ ಇದ್ದು ಕೈಲಾದಷ್ಟು ಕಾದೆವು. ಪಟ್ಟಿ ಬಿಚ್ಚಿದಾಗ ಕಾಲು ಕುರ್ಚಿಯಲ್ಲಿ ಕೂರುವಷ್ಟು ಮಡಚಿತು. ಅದಕ್ಕಿಂತ ತುಸು ಹೆಚ್ಚು. ಅಲ್ಲಿಗೆ ನಿಂತಿತು. ಮುಂದೆ ಒಂದು ವರ್ಷ ನಸರೀನ್ ಎಷ್ಟು ಬೆವರಿಳಿಸಿದರೂ ಅಷ್ಟೇ. ನನ್ನ ಮುರಿದ ತುದಿ ಚರ್ಮವನ್ನು ಚುಚ್ಚತೊಡಗಿದ್ದರಿಂದ, ಎಲುಬು ಗಟ್ಟಿಯಾದ ಮೇಲೆ ನನ್ನನ್ನು ತೆಗೆದುಹಾಕಿದರು. ಡಾಕ್ಟರು ಒಂದು ಸಣ್ಣ ಬಾಟಲಿಯಲ್ಲಿ ಹಾಕಿ ಅವಳ ಕೈಗೆ ಕೊಟ್ಟರು.

"ಇದನ್ನ ತಿಪ್ಪಿಗೆ ಒಗಿ," ಎಂದಳು ಚಂಬವ್ವ.

"ನನ್ನ ಎಲುಬು ಹಿಡಕೊಂಡಿತ್ತು ಅದು. ಒಗ್ಯಾಕ ನಿನ್ನಂಗ ಕೃತಘ್ನ ಅಲ್ಲ ನಾ," ಎಂದು ಗುರುಸಿದ್ಧವ್ವ ಪಡಸಾಲೆಯ ಗೋಡೆಯಲ್ಲಿ ಗೂಡಿನಂತಿದ್ದ ಮಾಡದಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿ ನನ್ನನ್ನು ಇಟ್ಟಳು. ಮುರಿದವರನ್ನು ಇಷ್ಟು ಮರ್ಯಾದೆಯಿಂದ ಇಟ್ಟುಕೊಳ್ಳುವವರು ಲೋಕದಲ್ಲಿ ಕಡಿಮೆ.

ಅಲ್ಲಿಂದ ನಾನು ಅವಳನ್ನು ಕಣ್ಣಾರೆ ಕಂಡೆ. ಆವರೆಗೆ ಒಳಗಿನಿಂದ ಬಲ್ಲೆನೇ ಹೊರತು ಮುಖ ನೋಡಿರಲಿಲ್ಲ. ಗಿಡ್ಡ ಹೆಂಗಸು. ಅಗಲವಾದ ಹಣೆ, ಅದರ ತುಂಬ ವಿಭೂತಿ. ಖಾನಾವಳಿಯಲ್ಲಿ ಎತ್ತರದ ಕಟ್ಟೆ ಕಟ್ಟಿಸಿ, ಅದರ ಮೇಲೆ ಒಲೆಯಿಟ್ಟು, ಸ್ಟೂಲಿನ ಮೇಲೆ ಎಡಗಾಲು ಚಾಚಿಕೊಂಡು ಕುಳಿತು ರೊಟ್ಟಿ ಬಡಿಯುತ್ತಾಳೆಂದು ಕೇಳಿದೆ. ಗಿರಾಕಿಗಳು, "ನಮ್ಮವ್ವಗ ಸಿಂಹಾಸನ ಬಂತು" ಎಂದು ನಗುತ್ತಿದ್ದರಂತೆ. ನಡೆದಳು, ಮೆಟ್ಟಿಲು ಹತ್ತಿದಳು. ಡಾಕ್ಟರು ಹೇಳಿದ್ದೆಲ್ಲ ಆಯಿತು. ಆದರೆ ಬೆಳಗ್ಗೆ ಕುರ್ಚಿಯಲ್ಲಿ ಕುಳಿತು ಲಿಂಗವನ್ನು ಎಡಗೈಯಲ್ಲಿ ಹಿಡಿದಾಗ ಅವಳ ದೃಷ್ಟಿ ಲಿಂಗದಿಂದ ಜಾರಿ ಮೊಣಕಾಲಿನ ಮೇಲೆ ಹೋಗುವುದನ್ನು ನಾನು ಕಾಣುತ್ತಿದ್ದೆ.

ಒಮ್ಮೆ ಮಠಪತಿ ಹಾಲಯ್ಯನವರು ಮನೆಗೆ ಬಂದರು. ಆ ಓಣಿಯಲ್ಲಿ ಹುಟ್ಟುಸಾವು ಎರಡರ ವಿಧಿಗೂ ಅವರೇ. ಅವರನ್ನು ಅವಳು ಕೇಳಿಯೇಬಿಟ್ಟಳು.

"ಅಯ್ಯನವರ, ಕಾಲು ಮಡಚದಾಕಿನ ಹೆಂಗ ಕೂಡಸ್ತೀರಿ?"

"ನಾ ನಿನಗಿಂತ ಹಿರ್ಯಾ. ಮೊದಲ ನಾ ಹೋಗಾಂವಾ. ನನ್ನ ಯಾಕ ಕೇಳ್ತಿ?"

ಅಯ್ಯನವರು ನಗೆಯಲ್ಲಿ ತೇಲಿಸಿದರು. ಅಂದು ಅವರು ಹೋದ ಮೇಲೆ ಅವಳು ತಂಗಿಯ ಕೈ ಹಿಡಿದುಕೊಂಡಳು.

"ಚಂಬೀ, ಗಂಡಸ್ರು ನನ್ನ ಕಾಲಿನ ಮ್ಯಾಲ ಕೂಡಾಕ ಬಿಡಬ್ಯಾಡ."

"ಸತ್ತ ಮ್ಯಾಲ ಮುರದ್ರ ನಿನಗೇನು ನೋವು?"

"ನನಗಿಲ್ಲ. ಗ್ವಾಡಿ ಈಚೆ ಕುಂತು ಕೇಳಾಕಿ ನೀನು."

ನಾನು ಕಂಡಂತೆ ಚಂಬವ್ವ ಅಕ್ಕನಿಗೆ ಎದುರುತ್ತರ ಕೊಡದೆ ಇದ್ದದ್ದು ಅದೊಂದೇ ಸಲ.

ಹೀಗಿರುತ್ತ ಆ ಬೆಳಗು ಬಂತು. ಮಾಡಕ್ಕೆ ಎದುರಾಗಿಯೇ ಒಳಗಿನ ಕೋಣೆಯ ಬಾಗಿಲು. ಚಂಬವ್ವ ಯಾರನ್ನೂ ಕೂಗಲಿಲ್ಲ. ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದಳು. ಅಕ್ಕನ ಮೊಣಕಾಲಿಗೆ ಹಚ್ಚಿ, ಹಿಮ್ಮಡಿಯ ಕೆಳಗೆ ಅಂಗೈ ಇಟ್ಟು, ಮೆಲ್ಲಗೆ ಹಿಂದಕ್ಕೆ ಜಾರಿಸಿದಳು.

"ಹಗೂರಕ ಅಕ್ಕಾ. ಅವಸರಿಲ್ಲ. ಉಸಿರು ಬಿಡು," ಎಂದಳು. ಅಂದವಳೇ ತುಟಿ ಕಚ್ಚಿಕೊಂಡಳು.

ಮೈ ಇನ್ನೂ ಬೆಚ್ಚಗಿತ್ತು. ಕಾಲು ಯಾವಾಗಲೂ ಹೋಗುತ್ತಿದ್ದಷ್ಟು ಹೋಯಿತು. ಯಾವಾಗಲೂ ನಿಲ್ಲುತ್ತಿದ್ದಲ್ಲಿ ನಿಂತಿತು. ಅವಳು ಒತ್ತಲಿಲ್ಲ. ಮತ್ತೆ ಚಾಚಿದಳು, ಮತ್ತೆ ಜಾರಿಸಿದಳು. ಸಾವಾದರೂ ಆ ಜಡ್ಡನ್ನು ಬಿಡಿಸೀತೆಂದು ನಾನು ಬಾಟಲಿಯೊಳಗೆ ಆಸೆಯಿಂದ ನೋಡಿದೆ. ಬಿಡಿಸಲಿಲ್ಲ. ಆಗ ಅವಳು ಹೊರಬಾಗಿಲು ತೆರೆದು, ಓಣಿಗೆಲ್ಲ ಕೇಳುವಂತೆ ಗೋಳೋ ಎಂದು ಅತ್ತಳು.

ಜನ ಕೂಡಿದರು, ಭಜನೆ ಶುರುವಾಯಿತು. ಹೆಣವನ್ನು ಪಡಸಾಲೆಗೆ ತಂದು ಗೋಡೆಗೆ ಆನಿಸಿದರು. ಬಲಗಾಲು ಮಡಚಿತು. ಅಕ್ಕತಂಗಿಯರ ದೊಡ್ಡಪ್ಪನ ಮಗ ಶೇಖಪ್ಪ ಅಂಗಿಯ ತೋಳು ಮಡಚಿದ.

"ಲಗೂ ಬರ್ರಿ, ಸೆಟೆಯೂದ್ರೊಳಗ ಆಗಬೇಕು. ನಾಕು ಮಂದಿ ಹಿಡದ್ರ ಹೆಂಗ ಮಡಚಂಗಿಲ್ಲ?"

ಚಂಬವ್ವ ಅಕ್ಕನ ಕಾಲಿಗೆ ಅಡ್ಡ ಕುಳಿತಳು.

"ಕೈ ಹಚ್ಚಬ್ಯಾಡ ಶೇಖಪ್ಪಾ."

"ಹುಚ್ಚಿ ಹಂಗ ಮಾಡಬ್ಯಾಡಬೇ. ಮತ್ತ ಹೆಂಗ ಒಯ್ಯೂದು? ಮಲಗಿಸಿ ಹೂಳೂದೇನು?"

ಆ ಮಾತಿಗೆ ಪಡಸಾಲೆಯಲ್ಲಿ ಭಜನೆಯೂ ನಿಂತಿತು. ಒಬ್ಬಿಬ್ಬರು, "ಅದೆಂಗ ಆಗತೈತಿ" ಎಂದು ಗೊಣಗಿದರು. ಚಂಬವ್ವ ಅಲುಗಲಿಲ್ಲ. ಮುರಿಯಗೊಡಬೇಡ ಎಂದಿದ್ದಳೇ ಹೊರತು ಕೂರಿಸುವುದು ಹೇಗೆಂದು ಅಕ್ಕ ಹೇಳಿಹೋಗಿರಲಿಲ್ಲ. ಶೇಖಪ್ಪ ಅವಳ ರಟ್ಟೆ ಹಿಡಿದು ಎಬ್ಬಿಸಲಿಕ್ಕೆ ಬಾಗಿದ. ಮುರಿದ ತಂತಿ ಏನು ಮಾಡೀತು? ಆ ಎಲುಬನ್ನು ಹಿಡಿದು ಕಾಯಲಿಕ್ಕೆ ನಾನು ಈಗ ಅದರೊಳಗೆ ಇರಲಿಲ್ಲ.

ಅಷ್ಟರಲ್ಲಿ ಹಾಲಯ್ಯನವರು ಕೋಲೂರಿಕೊಂಡು ಬಂದರು. ಎಲ್ಲವನ್ನೂ ನಿಂತು ನೋಡಿದರು. ಶೇಖಪ್ಪನನ್ನು ಸರಿಯಹೇಳಿ, ಚಂಬವ್ವನ ಎದುರು ಕುಳಿತರು.

"ದಿನಾ ಪೂಜಿ ಹೆಂಗ ಮಾಡ್ತಿದ್ಲು?"

"ಕುರ್ಚಿ ಮ್ಯಾಲ ಕುಂತ್ರಿ ಅಯ್ಯನವರ."

"ಲಿಂಗ ಯಾವ ಕೈಯಾಗ?"

"ಎಡಗೈಯಾಗ್ರಿ."

"ಒಂದಿನಾನೂ ಬಿಟ್ಟಿಲ್ಲಲ್ಲ?"

"ಇಲ್ರಿ."

"ಆತಲ್ಲ. ಹಂಗ ಕೂಡಸ್ರಿ."

"ಅಯ್ಯನವರ, ಪದ್ಧತಿ..." ಎಂದ ಶೇಖಪ್ಪ.

"ಪದ್ಧತಿ ನನಗ ಕಲಸ್ತೀಯೇನೋ? ಕುಣಿ ತಗ್ಯಾವರಿಗೆ ಹೇಳು. ಕುಣಿಯಾಗ ಕೂಡಸೂ ಗೂಡು ಅಗಲ ತಗೀಲಿ, ಒಳಗ ಕುಂದ್ರಾಕ ಮಣ್ಣಿನ ಕಟ್ಟಿ ಬಿಡ್ಲಿ, ಎಡಗಾಲಿಗೆ ಜಾಗಾ ಬಿಡ್ಲಿ. ಆಕಿ ಕೂತು ಹೋಗ್ತಾಳ."

ಶೇಖಪ್ಪ ಮೋರೆ ತಗ್ಗಿಸಿಕೊಂಡು ಹೊರಟ. ಭಜನೆ ಮತ್ತೆ ಎದ್ದಿತು. ಹೂವು ಕಟ್ಟಿದ, ಹೆಣ ಒಯ್ಯುವ ವಿಮಾನದಲ್ಲಿ ಅವಳನ್ನು ಕೂರಿಸಿ, ವಿಭೂತಿ ಹಚ್ಚಿ, ಎಡಗಾಲನ್ನು ಇದ್ದಂತೆಯೇ ಬಿಟ್ಟು ಒಯ್ದರು. ಸಮಾಧಿಯಲ್ಲಿ ಅವಳು ಕುಳಿತದ್ದನ್ನು ನಾನು ಕಾಣಲಿಲ್ಲ. ಬಾಗಿಲ ಕಡೆ ಕಿವಿಗೊಟ್ಟು, ಏನು ಹೇಳಿ ಬರುವರೋ ಎಂದು ಕಾದೆ. ಚಂಬವ್ವ ಮಣ್ಣು ಕೊಟ್ಟು ಬಂದು, ಮಿಂದು, ಒದ್ದೆ ಕೂದಲಿನಲ್ಲಿಯೇ ಮಾಡದ ಎದುರಿಗೆ ಕುಳಿತಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಕುಂತಾಳ," ಎಂದಳು. "ಲಿಂಗ ಕೈಯಾಗ ಐತಿ. ಪತ್ರಿ ಏರಿಸಿದ್ರು. ಆ ಕಾಲು ಯಾರೂ ಮುಟ್ಟಲಿಲ್ಲ, ಯಾರೂ ಒತ್ತಲಿಲ್ಲ."

ಆಮೇಲೆ ಅತ್ತಳು. ಬೆಳಗ್ಗೆ ಓಣಿಗಾಗಿ ಅತ್ತದ್ದಕ್ಕಿಂತ ಇದು ಬೇರೆ. ಸಪ್ಪಳವಿರಲಿಲ್ಲ.

ನನಗೀಗ ಯಾವ ಕೆಲಸವೂ ಇಲ್ಲ. ಚಂಬವ್ವ ದಿನಾ ಮಾಡ ಒರೆಸುವಾಗ ಬಾಟಲಿಯನ್ನೂ ಒರೆಸಿ ಇಡುತ್ತಾಳೆ. ಎಲುಬು ಕೂಡಿತು, ಕಾಲು ಮಡಚಲಿಲ್ಲ. ಇದನ್ನು ಗೆಲುವೆನ್ನಬೇಕೋ ಸೋಲೆನ್ನಬೇಕೋ ತಂತಿಗೆ ತಿಳಿಯದು. ಅವಳು ಮಾತ್ರ ಕೈಲಾದಷ್ಟು ಮಡಚಿ, ಆಗದಲ್ಲಿ ನಿಂತು, ಲಿಂಗವನ್ನು ಒಂದು ದಿನವೂ ಕೈಬಿಡದೆ ಬಾಳಿದಳು.

ಶಿವನೇ, ನಿನ್ನ ಹೆಸರು ಹೇಳುತ್ತಲೇ ನನ್ನನ್ನು ಮೈಯೊಳಗೆ ಬಿಟ್ಟುಕೊಂಡವಳು ಅವಳು. ಅವಳ ಆ ಕಾಲಿಗೆ ಇನ್ನು ಮೆಟ್ಟಿಲಿಲ್ಲ, ಒಲೆಯಿಲ್ಲ, ನೋವಿಲ್ಲ. ಅವಳ ಅಂಜಿಕೆಯೂ ಆ ಮಣ್ಣಿನಲ್ಲಿ ಕರಗಲಿ. ಕುಳಿತಂತೆಯೇ ಅವಳನ್ನು ನಿನ್ನಲ್ಲಿ ಸೇರಿಸಿಕೋ. ಗುರುಸಿದ್ಧವ್ವನಿಗೆ ಶಾಂತಿಯಿರಲಿ.